ವಿರುಪಮ್ಮನ ಮನೆಯ ಮುಯ್ಯಿ

ವೈಶಾಖದಲ್ಲಿ ಬಿಸಿಲು ಏರುವ ಮೊದಲೇ ಹಿಟ್ಟು ಮುಗಿಯಬೇಕು. ಹೊತ್ತು ಮೇಲೆ ಬಂತೆಂದರೆ ಶ್ಯಾವಿಗೆಯ ಎಳೆ ಕೈಯಲ್ಲೇ ಒಣಗಿ ತುಂಡಾಗುತ್ತದೆ. ಅದಕ್ಕೇ ಕಡ್ಡಿರಾಂಪುರದ ಕೆಳಗಿನ ಓಣಿಯ ಹೆಂಗಸರು ನಸುಕಿನಲ್ಲೇ ತಾಯಕ್ಕನ ಮಾಳಿಗೆ ಹತ್ತಿದ್ದರು. ಓರೆಯಾಗಿ ನಿಲ್ಲಿಸಿದ ಶ್ಯಾವಿಗೆ ಮಣೆಯ ಮೇಲೆ ವಿರುಪಮ್ಮ ಕುದುರೆ ಹತ್ತಿದವಳಂತೆ ಕುಳಿತು, ಎರಡೂ ಅಂಗೈಯಿಂದ ಹಿಟ್ಟನ್ನು ಕೆಳಕ್ಕೆ ಹೊಸೆಯುತ್ತಿದ್ದಳು. ಮಣೆಯ ಗೀರುಗಳಿಂದ ಇಳಿದು ಬಂದ ಎಳೆಗಳನ್ನು ಸಂಗಮ್ಮ ಹಿಡಿದು, ಮೆಲ್ಲಗೆ ಎಳೆದು ಉದ್ದ ಮಾಡಿ ಕೋಲಿನ ಮೇಲೆ ಹಾಕುತ್ತಿದ್ದಳು. ಉಳಿದಿಬ್ಬರು ನಾದಿದ ಹಿಟ್ಟು ತಂದು ಕೊಡುತ್ತ, ತುಂಬಿದ ಕೋಲುಗಳನ್ನು ಹಗ್ಗಕ್ಕೆ ಸಿಗಿಸುತ್ತ ಓಡಾಡಿಕೊಂಡಿದ್ದರು. ಎಲ್ಲರ ನಡುವೆ, ಹಿಟ್ಟು ನಾದುತ್ತ, ತಾಯಕ್ಕ. ಮನೆ ಅವಳದು, ಗೋಧಿ ಅವಳದು, ಇವತ್ತಿನ ದಿನ ಅವಳದು.

ಊರಿಗೆ ಶ್ಯಾವಿಗೆ ಯಂತ್ರ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಈ ಓಣಿಯ ಐದು ಮನೆಗಳು ಕೈ ಶ್ಯಾವಿಗೆಯನ್ನು ಬಿಟ್ಟಿರಲಿಲ್ಲ. ಇವತ್ತು ಎಲ್ಲರೂ ತಾಯಕ್ಕನ ಮನೆಗೆ ಬಂದರೆ, ಮುಂದೆ ತಾಯಕ್ಕ ಒಬ್ಬೊಬ್ಬರ ಮನೆಗೂ ಹೋಗಿ ಒಂದೊಂದು ದಿನ ಪೂರ್ತಿ ಕೂರಬೇಕು. ಕೂಲಿಯಿಲ್ಲ, ಬರೆದಿಡುವುದಿಲ್ಲ. ಬಂದ ಕೈಗೆ ಕೈ ಕೊಡಬೇಕು, ಅಷ್ಟೆ. ಅದಕ್ಕೆ ಅವರು ಮುಯ್ಯಿ ಅನ್ನುತ್ತಿದ್ದರು.

ಮೂಲೆಯಲ್ಲಿ, ಸೀರೆ ಕಟ್ಟಿ ಮಾಡಿದ ನೆರಳಿನಲ್ಲಿ, ತಾಯಕ್ಕನ ಅತ್ತೆ ಯಮನಮ್ಮ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು. ಒಂದು ಕಾಲಕ್ಕೆ ಅವಳ ಕೈಯ ಎಳೆ ಕೂದಲಿನಂತೆ ಬರುತ್ತಿತ್ತು ಎಂದು ಓಣಿಯೆಲ್ಲ ಹೇಳುತ್ತಿತ್ತು. ಈಗ ಕೈ ನಡುಗುತ್ತದೆ. ಬಾಯಿ ಮಾತ್ರ ಹಾಗೇ ಇದೆ.

"ಲೇ ಸಂಗಮ್ಮ, ಅದೇನ್ ಶ್ಯಾವಿಗಿ ಎಳ್ಯಾಕ ಹತ್ತಿಯೋ, ಎಮ್ಮಿ ಹಗ್ಗ ಹೊಸ್ಯಾಕ ಹತ್ತಿಯೋ?"

"ನಿಮ್ಮ ಸೊಸಿ ನಾದಿದ ಹಿಟ್ಟ್ರಿ ಯಮನಮ್ಮಾರ. ನನ್ನ ಕೈಗೆ ಯಾಕ ಬೈತೀರಿ?"

ಹೆಂಗಸರು ನಕ್ಕರು. ತಾಯಕ್ಕನೂ ನಕ್ಕಳು. ಸೊಸೆ ಅಂದರೆ ತಾನೇ ಎಂದು ಎಲ್ಲರೂ ತಿಳಿದಿರುವಾಗ ಬೈಸಿಕೊಳ್ಳುವುದೂ ಅವಳಿಗೆ ಒಂದು ಸುಖವೇ ಆಗಿತ್ತು.

ಆಗ ಸುಧಾರಾಣಿ ಮೇಲೆ ಬಂದಳು.

ಸುಧಾರಾಣಿ ತಾಯಕ್ಕನ ಓರಗಿತ್ತಿ, ಮೈದುನ ಪರಶುರಾಮನ ಹೆಂಡತಿ. ಒಂದೇ ಹಿತ್ತಲು, ಎರಡು ಮನೆ. ರಸ್ತೆಯ ಕಡೆಯ ಅರ್ಧದಲ್ಲಿ ಪರಶುರಾಮ ಎರಡು ಕೋಣೆ ಕಟ್ಟಿಸಿ, ಹಂಪಿಗೆ ಬಂದವರಿಗೆ ಬಾಡಿಗೆ ಕೊಡುತ್ತಾನೆ. ಬಂದವರನ್ನು ತನ್ನ ಏಳು ಸೀಟಿನ ಗಾಡಿಯಲ್ಲಿ ಸುತ್ತಿಸುತ್ತಾನೆ. ಕೋಣೆಯ ಉಸ್ತುವಾರಿ, ಫೋನು, ನಾಷ್ಟಾ ಎಲ್ಲ ಸುಧಾರಾಣಿಯದು. ಹಿಂದಿನ ಅರ್ಧದಲ್ಲಿ ತಾಯಕ್ಕ, ಅವಳ ಗಂಡ ಮೂಕಣ್ಣ, ಒಂದು ಎಮ್ಮೆ, ಮತ್ತು ಯಮನಮ್ಮ. ಬಾಳೆಯ ತೋಟ ಮೂಕಣ್ಣ ನೋಡಿಕೊಳ್ಳುತ್ತಾನೆ. ಅತ್ತೆಯನ್ನು ತಾಯಕ್ಕ ನೋಡಿಕೊಳ್ಳುತ್ತಾಳೆ. ಹಾಗೆಂದು ಯಾರೂ ಕೂತು ಮಾತಾಡಿಕೊಂಡದ್ದಲ್ಲ. ಹಾಗೇ ನಡೆದು ಬಂದಿತ್ತು.

"ಅತ್ತೀ, ಗುಡ್ಡ ನೋಡಾಕ ಬರ್ತೀರೇನ್ರಿ?" ಎಂದಳು ಸುಧಾರಾಣಿ. ಕೈಯಲ್ಲಿ ಫೋನು.

"ಯಾವ ಗುಡ್ಡಲೇ? ಸುತ್ತಲೂ ಗುಡ್ಡನ ಅದಾವಲ್ಲ."

"ಇವು ಬರೇ ಕಲ್ಲಬಂಡಿಗೋಳ್ರಿ. ಹಸರ ಗುಡ್ಡ, ಚಿಕ್ಕಮಗಳೂರು ಕಡೀಗೆ. ಈಗ ಬಿಸಲಿಗೆ ಹಂಪಿಗೆ ಒಂದು ನರಪಿಳ್ಳಿ ಬರವಲ್ದು. ಕೋಣೀನೂ ಖಾಲಿ, ಗಾಡೀನೂ ಖಾಲಿ. ಮನಿ ಮಂದಿ ಎಲ್ಲಾ ಹೋಗಿ ಬರೋಣಂತ ಇವರು ಅನ್ನಾಕ ಹತ್ಯಾರ. ನೋಡ್ರಿ ಇಲ್ಲಿ." ಅವಳು ಅತ್ತೆಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಫೋನು ತೋರಿಸಿದಳು. "ಮೋಡ ನೋಡ್ರಿ, ರಸ್ತೆ ಮ್ಯಾಲೆ ಅದಾವು. ಮೈ ಮ್ಯಾಲೆ ಹಾದು ಹೋಗ್ತಾವು."

"ಮೈ ಮ್ಯಾಲೆ? ಸೀರಿ ತೋಯ್ಯಂಗಿಲ್ಲೇನು?"

"ತಣ್ಣಗ ಆಗ್ತತಿ, ಅಷ್ಟ."

ಯಮನಮ್ಮ ಫೋನನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದಳು. ಕೋಲು ಕೆಳಗೆ ಬಿದ್ದಿತ್ತು. ಒಂದು ಕಾಗೆ ಇಳಿದು ಶ್ಯಾವಿಗೆಯ ಎಳೆಯೊಂದನ್ನು ಕಚ್ಚಿಕೊಂಡು ಹೋಯಿತು. ತಾಯಕ್ಕ ಓಡಿಸಬೇಕಾಯಿತು.

"ನನ್ನ ಗಂಡ ಇದ್ದಾಗ ಕಂಪ್ಲಿ ದಾಟಿಸಲಿಲ್ಲ ನನ್ನ," ಎಂದಳು ಯಮನಮ್ಮ ಎಲ್ಲರಿಗೂ ಕೇಳುವಂತೆ. "ಈಗ ನನ್ನ ಸೊಸಿ ಮೋಡ ಮುಟ್ಟಸಾಕ ಕರಕೊಂಡು ಹೊಂಟಾಳ."

"ಯಮನಮ್ಮಾರಿಗೆ ಈ ವಯಸ್ಸಿನ್ಯಾಗ ಹನಿಮೂನ್ ನೋಡ್ರಿ," ಎಂದು ವಿರುಪಮ್ಮ ಮಣೆಯ ಮೇಲಿಂದಲೇ ಕುಲುಕುಲು ನಕ್ಕಳು.

ನನ್ನ ಸೊಸಿ. ತಾಯಕ್ಕ ಹಿಟ್ಟಿನ ಬಟ್ಟಲಿಗೆ ಬಗ್ಗಿದಳು. ಅರ್ಧ ಗಳಿಗೆ ಹಿಂದೆ ತನ್ನದಾಗಿದ್ದ ಆ ಮಾತು ಮಾಳಿಗೆಯ ಈ ಮೂಲೆಯಿಂದ ಆ ಮೂಲೆಗೆ ಹೋಗಿ ಕೂತಿತ್ತು. ಗುಡ್ಡ ನೋಡಬೇಕೆಂಬ ಆಸೆ ಅವಳಿಗೆ ಅಷ್ಟೇನೂ ಇರಲಿಲ್ಲ. ಆದರೆ ಅತ್ತೆಯ ತಲೆ ಬಾಚುವವಳು ತಾನು, ಕಾಲು ಒತ್ತುವವಳು ತಾನು. ನಡುರಾತ್ರಿ ಎದ್ದು ಬಚ್ಚಲಿಗೆ ಕೈ ಹಿಡಿದು ನಡೆಸುವವಳೂ ತಾನೇ. ಇಷ್ಟು ವರ್ಷದಲ್ಲಿ ಅತ್ತೆಯ ಮುಖ ಹೀಗೆ ಅರಳಿದ್ದನ್ನು ಅವಳು ಕಂಡಿರಲಿಲ್ಲ.

"ಯಾವತ್ತು ಹೋಗೂದು?" ಎಂದು ಕೇಳಿದಳು.

ಸುಧಾರಾಣಿ ದಿನ ಹೇಳಿದಳು. ಅದರ ಮುಂದಿನ ವಾರ ಕಂಪ್ಲಿಯ ಮದುವೆಯೊಂದಕ್ಕೆ ಗಾಡಿ ಬಾಡಿಗೆ ಒಪ್ಪಿದ್ದರಿಂದ ಆ ದಿನವೇ ಹೊರಡಬೇಕಿತ್ತು.

"ಅವತ್ತು ನಮ್ಮನ್ಯಾಗ ಶ್ಯಾವಿಗಿ," ಎಂದಳು ವಿರುಪಮ್ಮ. "ಮಗಳು ಮರುದಿನ ಕಂಪ್ಲಿಗೆ ಹೊಂಟಾಳ, ಡಬ್ಬಿ ತುಂಬಿ ಕಳಸಬೇಕು. ಗೋಧಿ ನೆನಿಯಿಟ್ಟು ಒಡಸೂದು ಎಲ್ಲಾ ಆಗೇತಿ."

ತಾಯಕ್ಕನಿಗೆ ಅದು ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದಳು. ಕೈಯ ಹಿಟ್ಟನ್ನು ಕೆರೆದು ತೆಗೆಯುತ್ತ, ಯಾರ ಮುಖವನ್ನೂ ನೋಡದೆ, "ಹಂಗಾದ್ರ ನೀವೆಲ್ಲಾ ಹೋಗಿ ಬರ್ರಿ. ನಂದು ಮುಯ್ಯಿ ಐತಿ," ಎಂದಳು.

ಹಾಗೆಂದು ಕಾದಳು. ತಾಯಕ್ಕ ಇಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ಅತ್ತೆ ಒಂದು ಮಾತು ಅನ್ನಬೇಕು. ಅದನ್ನು ಸಂಗಮ್ಮ ಕೇಳಬೇಕು, ವಿರುಪಮ್ಮ ಕೇಳಬೇಕು, ಫೋನು ಹಿಡಿದವಳೂ ಕೇಳಬೇಕು. ಅಂದ ಮೇಲೆ ಹೋಗುವುದೋ ಬಿಡುವುದೋ ಬೇರೆ ಮಾತು.

"ಅಯ್ಯ, ಹೋಗ್ಲಿ ಬಿಡು ತಾಯಕ್ಕ," ಎಂದಳು ವಿರುಪಮ್ಮ. "ಒಂದು ಕೈ ಕಡಿಮಿ ಆದ್ರ ಏನಾತು? ಬಂದ ಮ್ಯಾಲೆ ಹಪ್ಪಳಕ್ಕ ಬಾ."

"ಹಂಗಂದ್ರ ಹೆಂಗ?" ಯಮನಮ್ಮ ಕೋಲು ಎತ್ತಿಕೊಂಡಳು. "ಶ್ಯಾವಿಗಿ ಮುಯ್ಯಿ ಶ್ಯಾವಿಗೀಗೇ ತೀರಬೇಕು. ನೀ ಬಂದು ದಿನ ಪೂರ್ತಿ ಕುಂತಿ, ಅಕಿನೂ ಬಂದು ಕುಂದರ್ತಾಳ. ತಾಯಕ್ಕ ಖರೇ ಮಾತು ಆಡ್ಯಾಳ. ಲೇ ತಾಯಕ್ಕ, ನೀ ಇರು. ನಾವು ಹೋಗಿ ಬರ್ತೀವಿ."

ತಾಯಕ್ಕ "ಹೂನ್ರಿ" ಎಂದಳು. ಗುಂಡಿ ತೋಡಿದವಳು ತಾನೇ, ಇಳಿಯಬೇಕಾದವಳೂ ತಾನೇ. ಅವತ್ತು ಉಳಿದ ಹೊತ್ತೆಲ್ಲ ಅವಳು ನಾದಿದ ಹಿಟ್ಟು ಕಲ್ಲಾಗಿತ್ತೆಂದು ಸಂಗಮ್ಮ ಆಮೇಲೆ ಹೇಳಿದಳು.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿ ನೋಡಿದಳು. ಮೂಕಣ್ಣ ರೊಟ್ಟಿ ಮುರಿಯುತ್ತ, "ನಾನಂತೂ ಬರಂಗಿಲ್ಲ. ಕಾಲುವಿ ನೀರಿನ ಪಾಳಿ ಐತಿ. ನೀ ಹೋಗೂದಿದ್ರ ಹೋಗು," ಎಂದ.

"ಹೋಗೂದಿದ್ರ ಅಂದ್ರ? ನಿಮ್ಮವ್ವನ ಬ್ಯಾಡ ಅಂದಾಳ."

"ಅಕಿ ಬ್ಯಾಡ ಅಂದಾಳೋ, ನೀನ ಬ್ಯಾಡ ಅಂದೀಯೋ?"

ಅವನು ಕಡಿಮೆ ಮಾತಿನವನು. ಆಡಿದ್ದು ಮಾತ್ರ ನೆಟ್ಟಗೆ ಹೋಗಿ ತಾಗುತ್ತಿತ್ತು.

ಎರಡು ದಿನ ಕಳೆದು ಸುಧಾರಾಣಿ ಹೊಸಪೇಟೆಗೆ ಹೋಗಿ ಅತ್ತೆಗೆ ಒಂದು ಸ್ವೆಟರ್ ತಂದಳು. ಬದನೆಕಾಯಿ ಬಣ್ಣದ್ದು, ಮುಂದೆ ಗುಂಡಿ ಹಾಕುವಂಥದ್ದು. ಆ ಬಿಸಿಲಿನಲ್ಲಿ ಎಲ್ಲಿ ಸಿಕ್ಕಿತೋ. ಯಮನಮ್ಮ ಅದನ್ನು ಹಾಕಿಕೊಂಡು ನೋಡಿದಳು. ನೋಡಿದವಳು ತೆಗೆಯಲಿಲ್ಲ. ಊರಿನ ನಾಯಿಗಳೆಲ್ಲ ಚರಂಡಿಯಲ್ಲಿ ಮಲಗಿ ನಾಲಿಗೆ ಚಾಚಿರುವ ಹೊತ್ತಿನಲ್ಲಿ ಅವಳು ಸ್ವೆಟರ್ ತೊಟ್ಟು ಬೇವಿನ ಗಿಡದ ಕಟ್ಟೆಯ ಮೇಲೆ ಕೂತಳು. ಹೋಗುವವರು ಬರುವವರು ನಿಂತು ಕೇಳಿದರು.

"ಯಾಕಬೇ, ಜ್ವರ ಬಂದಾವೇನು?"

"ಜ್ವರ ನಿಮ್ಮಪ್ಪಗ ಬರ್ಲಿ. ಇದು ನನ್ನ ಸಣ್ಣ ಸೊಸಿ ತಂದದ್ದು. ಗುಡ್ಡದ ಮ್ಯಾಲೆ ಥಂಡಿ ಇರ್ತತಂತ. ಈಗಿಂದ ರೂಢಿ ಮಾಡ್ಕೊಳ್ಳಾಕ ಹತ್ತೀನಿ."

ತಾಯಕ್ಕ ಎಮ್ಮೆಗೆ ನೀರು ಕುಡಿಸುತ್ತಾ ಇದನ್ನು ದಿನವೂ ಕೇಳಿದಳು. ಕಳೆದ ಚಳಿಗಾಲದಲ್ಲಿ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಅತ್ತೆಗೆಂದೇ ಅವಳು ಒಂದು ಕೌದಿ ಹೊಲಿದಿದ್ದಳು. ಅದನ್ನು ಹೊದ್ದುಕೊಂಡು ಯಮನಮ್ಮ ಯಾವತ್ತೂ ಕಟ್ಟೆಯ ಮೇಲೆ ಕೂತಿರಲಿಲ್ಲ. ಕೌದಿ ಹೊದ್ದು ಯಾರೂ ಕಟ್ಟೆಯ ಮೇಲೆ ಕೂರುವುದಿಲ್ಲ ಎಂಬುದು ತಾಯಕ್ಕನಿಗೂ ಗೊತ್ತಿತ್ತು. ಆದರೆ ಹೊಟ್ಟೆಯೊಳಗಿನ ಉರಿಗೆ ಆ ತಿಳಿವಳಿಕೆಯಿಂದ ಏನೂ ಆಗುತ್ತಿರಲಿಲ್ಲ.

ಒಂದು ಸಂಜೆ ಸುಧಾರಾಣಿ ಹಿಂದಿನ ಮನೆಯ ಅಡಿಗೆಮನೆಗೆ ಬಂದು ಬಾಗಿಲಿನ ಹತ್ತಿರ ಕುಳಿತಳು.

"ಅಕ್ಕಾ, ಅತ್ತಿ ಗುಳಿಗಿ ಯಾವ ಹೊತ್ತಿಗೆ ಕೊಡಬೇಕ್ರಿ?"

"ಬಿಪಿ ಗುಳಿಗಿ ಮುಂಜಾನೆ, ನಾಷ್ಟಾ ಆದ ಮ್ಯಾಲೆ. ರಾತ್ರಿ ಒಂದು ಸಣ್ಣದು, ಬಿಳೇದು."

"ಊಟಕ್ಕ?"

"ಅನ್ನ ಮೆತ್ತಗ ಇರಬೇಕು. ಬದನೀಕಾಯಿ ಕೊಡಬ್ಯಾಡ, ಮೈ ಕೆರೀತತಿ."

"ಮತ್ತೇನರ ಐತೇನ್ರಿ? ನನಗ ಏನೂ ಗೊತ್ತಿಲ್ಲ್ರಿ, ನೀವ ಹೇಳಬೇಕು."

ಇತ್ತು. ಯಮನಮ್ಮನಿಗೆ ಈಗೀಗ ಒಂದಕ್ಕೆ ತಡೆಯುತ್ತಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವಳಿಗೆ ಸಾಯುವಷ್ಟು ನಾಚಿಕೆ. ಸೆರಗಿನ ತುದಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಣ್ಣಗೆ ಮಡಿಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಿಚುತ್ತಾಳೆ. ಅದನ್ನು ಕಂಡ ಕೂಡಲೇ ಎದ್ದು ಕೈ ಹಿಡಿಯಬೇಕು. ರಾತ್ರಿಯಾದರೆ ಉಸಿರಿನ ಸದ್ದು ಬದಲಾದಾಗಲೇ ಏಳಬೇಕು. ಮೂಕಣ್ಣನಿಗೂ ಗೊತ್ತಿಲ್ಲದ ಸಂಗತಿ. ಇದೊಂದು ತಾಯಕ್ಕನ ಕೈಯಲ್ಲಿತ್ತು.

"ಮತ್ತೇನಿಲ್ಲ," ಎಂದಳು ತಾಯಕ್ಕ, ಒಲೆಯ ಕಡೆ ತಿರುಗಿ. ಹೋಗಲಿ. ದೂರದ ಊರಿನ ಹಾಸಿಗೆ ಒದ್ದೆಯಾಗಲಿ. ಸ್ವೆಟರ್ ತಂದವಳು ಅದನ್ನೂ ಒಗೆದು ಹಾಕಲಿ. ಹಾಗೆ ಅಂದುಕೊಂಡ ಮೇಲೆ ಅವಳಿಗೆ ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ನೆನಪಾಗಲಿಲ್ಲ.

ಹೊರಡುವ ದಿನ ಹತ್ತಿರ ಬಂದಂತೆ ಪರಶುರಾಮನಿಗೆ ಒಂದು ಅಳುಕು ಹುಟ್ಟಿತು. ಅವ್ವ ಎಂದೂ ಗುಡ್ಡದ ತಿರುವು ಹತ್ತಿದವಳಲ್ಲ, ತಲೆ ತಿರುಗಿ ವಾಂತಿ ಮಾಡಿಕೊಂಡರೆ ಹೇಗೆ ಎಂದು. "ಸಂಡೂರು ಗುಡ್ಡ ಹತ್ತಿಸಿ ಇಳಿಸಿ ನೋಡೋಣು. ಅಲ್ಲಿ ತಡಕೊಂಡ್ರ ಎಲ್ಲಿ ಬೇಕಾದ್ರೂ ತಡಕೋತಾಳ," ಎಂದು ತಾನೇ ಒಂದು ಉಪಾಯ ಹೇಳಿದ. "ಅತ್ತಿಗಿ, ನೀವೂ ಬರ್ರಿ. ಸಂಜೀತನಕ ಬಂದುಬಿಡ್ತೀವಿ."

ತಾಯಕ್ಕ ಹೋದಳು. ನಡುವಿನ ಸೀಟಿನಲ್ಲಿ ಅತ್ತೆ. ಒಂದು ಪಕ್ಕ ತಾಯಕ್ಕ, ಇನ್ನೊಂದು ಪಕ್ಕ ಸುಧಾರಾಣಿ. ಮುಂದೆ ಪರಶುರಾಮನ ಪಕ್ಕ ಅವರ ಮಗಳು ಅಂಜಲಿ. ಹೊಸಪೇಟೆ ದಾಟಿ, ಅದಿರು ಲಾರಿಗಳ ಕೆಂಪು ದೂಳು ದಾಟಿ, ಗಾಡಿ ಕಾಡಿನ ರಸ್ತೆ ಹಿಡಿದು ಏರತೊಡಗಿತು. ಬೇಸಿಗೆಗೆ ಎಲೆ ಉದುರಿ ಗುಡ್ಡ ಬೋಳಾಗಿತ್ತು. ಆದರೂ ಗಾಳಿ ಬೇರೆಯಾಗಿತ್ತು. ಪ್ರತಿ ತಿರುವಿಗೂ ಯಮನಮ್ಮ ಒಮ್ಮೆ ಈ ಸೊಸೆಯ ಮೇಲೆ, ಒಮ್ಮೆ ಆ ಸೊಸೆಯ ಮೇಲೆ ವಾಲುತ್ತಿದ್ದಳು.

"ಅಜ್ಜಿ, ತಲಿ ತಿರಗಾಕ ಹತ್ತೈತೇನು?" ಎಂದು ಅಂಜಲಿ ಹಿಂದೆ ತಿರುಗಿ ಕೇಳಿದಳು.

"ನಿನಗ ತಿರಗಾಕ ಹತ್ತಿರಬೇಕು, ಮುಂದ ನೋಡು. ಪರಶ್ಯಾ, ಇನ್ನೂ ಜೋರ ಹೊಡಿಲೇ."

ಎಲ್ಲರೂ ನಕ್ಕರು. ವಾಲುವುದರಲ್ಲಿ ಆ ಕಡೆ ಹೆಚ್ಚೋ ಈ ಕಡೆ ಹೆಚ್ಚೋ ಎಂದು ತಾಯಕ್ಕ ಗಮನಿಸುತ್ತಿದ್ದಳು. ರಸ್ತೆ ತಿರುಗಿದಂತೆ ಮೈ ವಾಲುತ್ತದೆ ಎಂಬುದನ್ನು ಅವಳ ಮನಸ್ಸು ಒಪ್ಪಲೊಲ್ಲದು.

ಇನ್ನಷ್ಟು ಏರಿದ ಮೇಲೆ ಯಮನಮ್ಮನ ಮಾತು ನಿಂತಿತು. ಅವಳ ಬೆರಳುಗಳು ಸೆರಗಿನ ತುದಿ ಹುಡುಕಿದವು. ಮಡಿಚಿದವು, ಬಿಚ್ಚಿದವು.

ತಾಯಕ್ಕ ಕಂಡಳು. ಕಂಡು ಸುಮ್ಮನಿದ್ದಳು. ಸುಧಾರಾಣಿ ಕಿಟಕಿಯಾಚೆ ಏನೋ ತೋರಿಸುತ್ತ, "ಅಲ್ಲಿ ನೋಡ್ರಿ ಅತ್ತಿ, ಕೆಳಗ ಕೆರಿ," ಎನ್ನುತ್ತಿದ್ದಳು. ಬೆರಳು ಇನ್ನೂ ಜೋರಾಗಿ ಮಡಿಚತೊಡಗಿದವು. ಯಮನಮ್ಮ ತಲೆಯೆತ್ತಿ ತಾಯಕ್ಕನನ್ನು ನೋಡಿದಳು. ಮಾತಿಲ್ಲದ ನೋಟ, ಪ್ರತಿದಿನ ನೋಡುವಂಥದ್ದೇ. ತಾಯಕ್ಕ ಆ ನೋಟ ತನ್ನ ಕೆನ್ನೆಯ ಮೇಲೆ ಬಿದ್ದದ್ದನ್ನು ತಿಳಿದೂ ಕಿಟಕಿಯ ಹೊರಗೆ, ಇಳಿದು ಬರುತ್ತಿದ್ದ ಲಾರಿಯೊಂದನ್ನು ಅದು ಕಣ್ಮರೆಯಾಗುವ ತನಕ ನೋಡಿದಳು.

ಯಮನಮ್ಮ ಆ ಕಡೆ ತಿರುಗಿ ಸುಧಾರಾಣಿಯ ಕಿವಿಗೆ ಬಾಯಿ ಇಟ್ಟಳು.

"ರೀ, ಗಾಡಿ ನಿಲ್ಲಸ್ರಿ ಸ್ವಲ್ಪ," ಎಂದಳು ಸುಧಾರಾಣಿ.

ಇಬ್ಬರೂ ಇಳಿದು ರಸ್ತೆ ಬದಿಯ ಪೊದೆಗಳ ಹಿಂದೆ ಹೋದರು. ಅತ್ತೆ ಹೇಳಿದಳು. ಬಾಯಿಬಿಟ್ಟು ಹೇಳಿದಳು. ತನ್ನೊಬ್ಬಳ ಕೈಯಲ್ಲಿದೆ ಎಂದುಕೊಂಡಿದ್ದು ಒಂದು ಮಾತಿಗೆ ಬೇರೆಯವಳ ಕೈಗೆ ಹೋಗಿತ್ತು. ಕೂರಲಾರದೆ ಅವಳೂ ಇಳಿದು ನಾಲ್ಕು ಹೆಜ್ಜೆ ಹೋದಳು. ಪೊದೆಯಾಚೆ ಮಾತು ಕೇಳಿಸಿತು.

"ಇಷ್ಟೊತ್ತು ಯಾಕ ಹೇಳಲಿಲ್ಲ್ರಿ ಅತ್ತಿ? ಸುಮ್ನ ತ್ರಾಸ ಮಾಡ್ಕೊಂಡ್ರಿ."

"ನನಗ ಹೇಳಿ ರೂಢಿ ಇಲ್ಲವಾ. ತಾಯಕ್ಕಗ ಹೇಳೂದ ಬೇಕಾಗಂಗಿಲ್ಲ. ನನಗಿಂತ ಮೊದಲ ಅಕಿಗೆ ತಿಳೀತತಿ. ನಿನಗಾದ್ರ ಬಾಯಿ ಬಿಡಬೇಕು ನೋಡು." ಯಮನಮ್ಮ ಸೀರೆ ಸರಿಮಾಡಿಕೊಳ್ಳುತ್ತ ನಿಟ್ಟುಸಿರು ಬಿಟ್ಟಳು. "ಇವತ್ತ್ಯಾಕೋ ಅಕಿ ಗ್ಯಾನ ಇಲ್ಲಿ ಇದ್ದಂಗಿಲ್ಲ. ಮೈಯಾಗ ಆರಾಮ ಐತೋ ಇಲ್ಲೋ."

ತಾಯಕ್ಕ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ ಗಾಡಿಯಲ್ಲಿ ಕೂತಳು. ಗುಡ್ಡದ ಮೇಲೆ ಎಲ್ಲರೂ ಚಹಾ ಕುಡಿದರು. ಅವಳು ಲೋಟ ಹಿಡಿದುಕೊಂಡು ಕೂತಳೇ ಹೊರತು ಕುಡಿಯಲಿಲ್ಲ. ಇಳಿಯುವಾಗ ಯಮನಮ್ಮ ಅವಳ ಹಣೆ ಮುಟ್ಟಿ ನೋಡಿ, "ಬಿಸಿ ಏನಿಲ್ಲ," ಎಂದಳು.

ಊರಿಗೆ ಬಂದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ತಾಯಕ್ಕ ಮುಂದಿನ ಮನೆಗೆ ಹೋದಳು. ಹೋಗದೆ ಬಹಳ ದಿನವಾಗಿತ್ತು. ಸುಧಾರಾಣಿ ಕೋಣೆಯ ಪರದೆಗಳನ್ನು ತೆಗೆದು ಮಡಿಚುತ್ತಿದ್ದಳು. ತಾಯಕ್ಕ ನಿಂತುಕೊಂಡೇ ಎಲ್ಲ ಹೇಳಿದಳು: ಸೆರಗಿನ ತುದಿ, ರಾತ್ರಿಯ ಉಸಿರು, ಮಲಗುವ ಮೊದಲು ನೀರು ಎಷ್ಟು ಕೊಡಬೇಕು, ಕೈ ಹಿಡಿಯುವಾಗ ಯಾವ ರಟ್ಟೆ ಹಿಡಿಯಬಾರದು. ಹೇಳುತ್ತ ಹೋದಂತೆ, ಸೊಂಟದ ಬೀಗದಕೈಗಳನ್ನು ಒಂದೊಂದಾಗಿ ಬಿಚ್ಚಿ ಕೊಡುತ್ತಿರುವ ಹಾಗೆ ಅನಿಸಿತು. ಹಗುರವೇನೂ ಆಗಲಿಲ್ಲ.

ಸುಧಾರಾಣಿ ಪರದೆ ಕೆಳಗಿಟ್ಟು ಕೇಳಿದಳು. "ಮೊನ್ನೆ ಕೇಳಿದಾಗ ಏನಿಲ್ಲ ಅಂದ್ರಲ್ರಿ."

"ಮರತಿದ್ದೆ."

ಸುಧಾರಾಣಿ ಒಂದು ಗಳಿಗೆ ಅವಳ ಮುಖ ನೋಡಿದಳು. ಮರೆತದ್ದಲ್ಲ ಎಂದು ಅವಳಿಗೆ ತಿಳಿದಿರಬೇಕು. ತಿಳಿದೂ ಪರದೆಯನ್ನು ಮತ್ತೆ ಎತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ತಾಯಕ್ಕನಿಗೆ. ಬೈಗುಳವಾದರೆ ತಿರುಗಿಸಿ ಕೊಡಬಹುದು.

"ಇಷ್ಟೆಲ್ಲಾ ನನ್ನ ಕೈಲಿ ಆಗಂಗಿಲ್ಲ್ರಿ ಅಕ್ಕಾ. ನೀವೂ ಬರ್ರಿ."

"ಮುಯ್ಯಿ ಐತಿ," ಎಂದು ತಾಯಕ್ಕ ಹೊರಟುಬಂದಳು.

ಹೊರಡುವ ದಿನ ನಸುಕಿನಲ್ಲಿ ಗಾಡಿ ಬಾಗಿಲಿಗೆ ಬಂತು. ಯಮನಮ್ಮ ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಹೊಸ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತಳು. ತಾಯಕ್ಕ ಬುತ್ತಿಯ ಗಂಟು ಕೊಟ್ಟಳು. ಕಿಟಕಿಯಿಂದ ಕೈ ಹಾಕಿ ಅತ್ತೆಯ ಸೆರಗು ಬಾಗಿಲಿಗೆ ಸಿಕ್ಕದಂತೆ ಒಳಕ್ಕೆ ಸರಿಸಿದಳು.

"ದಿನ ಪೂರ್ತಿ ಕುಂದ್ರು," ಎಂದಳು ಯಮನಮ್ಮ. "ನಡುವ ಎದ್ದು ಬರಬ್ಯಾಡ. ಆಮ್ಯಾಲೆ ನಾಕು ಮಂದಿ ಅನ್ನಬಾರದು."

ಗಾಡಿ ಹೋಯಿತು.

ವಿರುಪಮ್ಮನ ಮಾಳಿಗೆಯ ಮೇಲೆ ತಾಯಕ್ಕ ಅವತ್ತು ಮಣೆ ಬಿಟ್ಟು ಇಳಿಯಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹೊಸೆಯುವುದು ವಾಡಿಕೆ. ಸಂಗಮ್ಮ ಎರಡು ಸಲ ಬಂದು "ಇಳಿ, ನಾ ಕುಂದರ್ತೀನಿ" ಎಂದರೂ ಕೇಳಲಿಲ್ಲ. ಅಂಗೈ ಕೆಂಪಾಯಿತು, ಸೊಂಟ ಹಿಡಿದುಕೊಂಡಿತು. ಈಗ ಹರಪನಹಳ್ಳಿ ದಾಟಿರಬೇಕು. ಈಗ ಹರಿಹರದಲ್ಲಿ ಊಟಕ್ಕೆ ನಿಲ್ಲಿಸಿರಬೇಕು. ಬುತ್ತಿ ಬಿಚ್ಚಿದರೋ, ಹೋಟೆಲಿಗೆ ಹೋದರೋ. ಅನ್ನ ಮೆತ್ತಗಿತ್ತೋ. ಪಕ್ಕದಲ್ಲಿ ಕೂತು ಯಾರು ಬಡಿಸಿದರು ಎಂದು ಮಾತ್ರ ಕೇಳಿಕೊಳ್ಳುವ ಅಗತ್ಯವಿರಲಿಲ್ಲ.

"ತಾಯಕ್ಕ, ಅದು ಹಿಟ್ಟು," ಎಂದಳು ವಿರುಪಮ್ಮ. "ಯಾರದೋ ಕುತ್ತಿಗಿ ಅಲ್ಲ."

"ಯಾರ ಕುತ್ತಿಗಿ?"

"ನನಗೇನು ಗೊತ್ತು. ಬದನೀಕಾಯಿ ಬಣ್ಣದ ಅಂಗಿ ತಂದವರದಿರಬೇಕು."

ಹೆಂಗಸರು ನಗುವುದೋ ಬೇಡವೋ ಎಂದು ತಾಯಕ್ಕನ ಮುಖ ನೋಡಿದರು. ಕಡೆಗೆ ತಾಯಕ್ಕನಿಗೇ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರೂ ಬಂತು. ಸೆರಗಿನಿಂದ ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡಳು.

ಮಧ್ಯಾಹ್ನ ಉಂಡು ನೆರಳಿನಲ್ಲಿ ಕೂತರು. ಬಿಸಿಲು ಇಳಿದ ಮೇಲೆ ಒಣಗಿದ ಶ್ಯಾವಿಗೆಯನ್ನು ಮುರಿಯದಂತೆ ಕೋಲಿನಿಂದ ಬಿಡಿಸಿ ಡಬ್ಬಿಗೆ ತುಂಬುತ್ತಿದ್ದಾಗ ತಾಯಕ್ಕನ ಫೋನು ಗುಣುಗುಟ್ಟಿತು. ಸುಧಾರಾಣಿಯ ನಂಬರು. ಎತ್ತಿದರೆ ಅತ್ತೆಯ ದನಿ. ಫೋನೆಂದರೆ ದೂರದವರನ್ನು ಕೂಗುವುದು ಎಂದೇ ತಿಳಿದವಳು ಅವಳು, ಮಾಳಿಗೆಯೆಲ್ಲ ಕೇಳಿಸಿತು.

"ಲೇ ತಾಯಕ್ಕ, ವಿರುಪಮ್ಮನ ಮುಯ್ಯಿ ತೀರಿತಾ?"

"ತೀರಿತ್ರಿ. ಡಬ್ಬಿಗೆ ತುಂಬಾಕ ಹತ್ತೀವಿ."

"ದಿನ ಪೂರ್ತಿ ಕುಂತಿದ್ಯಾ? ನಡುವ ಎದ್ದು ಬರಲಿಲ್ಲಲ್ಲ?"

"ಇಲ್ಲ್ರಿ."

"ಹಂಗಾದ್ರ ನಾಳಿ ಮುಂಜಾನೆ ಶಿವಮೊಗ್ಗದ ಬಸ್ಸು ಹತ್ತು. ನಾವು ಇಲ್ಲೇ ಶಿವಮೊಗ್ಗದಾಗ ಅದೀವಿ. ಪರಶ್ಯಾ ಬಸ್‌ಸ್ಟ್ಯಾಂಡಿಗೆ ಬರ್ತಾನ. ನೀ ಬರೂತನಕ ನಾ ಗುಡ್ಡ ಹತ್ತಂಗಿಲ್ಲ."

ತಾಯಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸಂಗಮ್ಮ ಕೇಳಿದ್ದಳು, ವಿರುಪಮ್ಮ ಕೇಳಿದ್ದಳು. ಇಷ್ಟು ದಿನ ಕಾದು ಕೂತ ಮಾತು ಕಡೆಗೂ ಬಂದಿತ್ತು, ಎಲ್ಲರ ಎದುರಿಗೆ, ಕೂಗಿ ಹೇಳಿದ ಹಾಗೆ. ಅವಳು ಏನಾದರೂ ಅನ್ನುವಷ್ಟರಲ್ಲಿ ಆ ಕಡೆ ಫೋನು ಕೈ ಬದಲಾಯಿತು.

"ಅಕ್ಕಾ, ನಾನ್ರಿ, ಸುಧಾ. ಬರ್ರಿ ಖಂಡಿತ. ನಾನ ಅಂದೆ ಅತ್ತಿಗೆ, ಒಂದಿನ ತಡದು ಹತ್ತೋಣು, ಅಕ್ಕಾರ ಮುಯ್ಯಿ ತೀರ್ಲಿ ಅಂತ. ಅವರಿಗೂ ಅದ ಮನಸ್ಸಿನ್ಯಾಗಿತ್ತು."

ತಾಯಕ್ಕನಿಗೆ ಬಾಯಿಗೆ ಬಿದ್ದ ಸಕ್ಕರೆಯಲ್ಲಿ ಹರಳು ಸಿಕ್ಕಂತಾಯಿತು.

"ಮೊದಲು ಯಾರಂದದ್ದು?"

"ಏನ್ರಿ? ಕೇಳಸವಲ್ದು."

"ನೀ ಮೊದಲು ಅಂದ್ಯೋ, ಅತ್ತಿ ಅಂದ್ರೋ?"

"ನೆನಪಿಲ್ಲ್ರಿ ಅಕ್ಕಾ. ಹೊಸಪೇಟಿಂದ ಬೆಳಿಗ್ಗೆ ಬಸ್ಸೈತಿ, ಫೋನಿನ್ಯಾಗ ನೋಡೀನಿ. ಭಾವಾರಿಗೆ ಎಮ್ಮಿ ಹಿಂಡಾಕ ಹೇಳೀನಿ, ಹೂಂ ಅಂದಾರ."

ಬಸ್ಸನ್ನೂ ಅವಳೇ ನೋಡಿದ್ದಳು. ತನ್ನ ಗಂಡನ ಹತ್ತಿರವೂ ತನಗಿಂತ ಮೊದಲು ಅವಳೇ ಮಾತಾಡಿದ್ದಳು. ಬೇಡವೆನ್ನಲು ಒಂದು ಕಾರಣವನ್ನೂ ಉಳಿಸಿರಲಿಲ್ಲ. ತಾಯಕ್ಕ "ಹೂಂ" ಎಂದು ಫೋನು ಇಟ್ಟಳು.

"ಹೋಗು ಮತ್ತ," ಎಂದಳು ವಿರುಪಮ್ಮ, ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ. "ನನ್ನ ಮುಯ್ಯಿ ತೀರಿತು. ಒಂದು ಕೈಗೆ ಎರಡು ಕೈಯಷ್ಟು ಮಾಡೀದಿ. ಉಳಿದವರ್ದು ಮೊದಲ ತೀರೇತಿ. ಇನ್ನ ಯಾರ್ದೂ ಇಲ್ಲಲ್ಲ ನಿನ್ನ ಮ್ಯಾಲೆ?"

"ಐತಿ."

"ಯಾರ್ದು?"

"ಸುಧಾಂದು." ತಾಯಕ್ಕ ಉಗುರಿನ ಸಂದಿಯ ಒಣಹಿಟ್ಟನ್ನು ಕೀಳುತ್ತಿದ್ದಳು. "ನನಗಾಗಿ ಒಂದಿನ ಕುಂತಾಳಲ್ಲ ಅಲ್ಲಿ."

"ಅದನ್ನ ಹೆಂಗ ತೀರಸ್ತೀ? ಅಕಿ ಶ್ಯಾವಿಗಿ ಅಂಗಡ್ಯಾಗ ತರ್ತಾಳ."

"ತೀರಸಂಗಿಲ್ಲ," ಎಂದಳು ತಾಯಕ್ಕ. "ಇರ್ಲಿ, ಅಕಿದೊಂದು ನನ್ನ ಮ್ಯಾಲೆ."

ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. ಮೆಟ್ಟಿಲ ಹತ್ತಿರ ಹೋದವಳು ತಿರುಗಿ ನಿಂತು, ಶಿವಮೊಗ್ಗದ ಕಡೆ ಹೋಗುವಾಗ ಬಸ್ಸಿನಲ್ಲಿ ಯಾವ ಪಕ್ಕ ಕೂತರೆ ಬಿಸಿಲು ಬಡಿಯುವುದಿಲ್ಲ ಎಂದು ಡಬ್ಬಿ ಜೋಡಿಸಿಕೊಳ್ಳುತ್ತಿದ್ದ ವಿರುಪಮ್ಮನ ಮಗಳನ್ನು ಕೇಳಿದಳು.